ಓಎಸ್ ಅಪ್‌ಗ್ರೇಡ್ ಆದ ಮೇಲೆ ಪ್ಲಗಿನ್ ಕೈಕೊಟ್ಟರೆ: ಎಲ್ಲಿಂದ ಹುಡುಕಬೇಕು, ಹೇಗೆ ಸರಿಪಡಿಸಬೇಕು

ಕಂಪ್ಯೂಟರಿಗೆ ಹೊಸ ಓಎಸ್ ಹಾಕಿ ಆಯಿತು. ಎಲ್ಲ ಸರಿಯಾಗಿದೆ ಅಂದುಕೊಂಡು, ಅರ್ಧ ಮಿಕ್ಸ್ ಮಾಡಿಟ್ಟ ಹಾಡನ್ನು ತೆರೆಯುತ್ತೀರಿ. "ಈ ಪ್ಲಗಿನ್‌ಗಳು ಸಿಗುತ್ತಿಲ್ಲ" ಎಂದು ಒಂದು ಪಟ್ಟಿ ಬರುತ್ತದೆ. (ಪ್ಲಗಿನ್ ಅಂದರೆ ಹಾಡು ಮಾಡುವ ಸಾಫ್ಟ್‌ವೇರಿನೊಳಗೆ ಬೇರೆಯಾಗಿ ಸೇರಿಸಿಕೊಳ್ಳುವ ವಾದ್ಯ ಅಥವಾ ಎಫೆಕ್ಟ್.) ನಿನ್ನೆಯವರೆಗೆ ದನಿಗೆ ಜೀವ ತುಂಬಿದ್ದ ರಿವರ್ಬ್ ಇಲ್ಲ, ಪಿಯಾನೊ ಇಲ್ಲ. ಎದೆ ಧಸಕ್ ಅನ್ನುತ್ತದೆ, ಅಲ್ವಾ?

ಇಂಥ ಹೊತ್ತಲ್ಲಿ ಹೆಚ್ಚಿನವರು ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ಲಗಿನ್ ಕೆಲಸ ಮಾಡಬೇಕಾದರೆ ಅದರ ಫೈಲ್ ಸರಿಯಾದ ಜಾಗದಲ್ಲಿರಬೇಕು, ಹೋಸ್ಟ್‌ಗೆ ಹೊಂದಬೇಕು, ಓಎಸ್ ಅದನ್ನು ಒಳಗೆ ಬಿಡಬೇಕು, ಲೈಸೆನ್ಸ್ ಸಿಗಬೇಕು, ಅದರ ಸ್ಯಾಂಪಲ್‌ಗಳು, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದುಗಳು, ಕೈಗೆಟುಕಬೇಕು. ಅಪ್‌ಗ್ರೇಡ್ ಆದಾಗ ಸಾಮಾನ್ಯವಾಗಿ ಇವುಗಳಲ್ಲಿ ಒಂದು ಮಾತ್ರ ತಪ್ಪಿರುತ್ತದೆ. ಅದು ಯಾವುದು ಅಂತ ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ. (ಲಾಜಿಕ್, ಕ್ಯೂಬೇಸ್, ಏಬಲ್‌ಟನ್ ಲೈವ್, ರೀಪರ್, ಎಫ್‌ಎಲ್ ಸ್ಟುಡಿಯೊ, ಹೀಗೆ ಪ್ಲಗಿನ್ ತೆರೆಯುವ ಹಾಡು ಮಾಡುವ ಸಾಫ್ಟ್‌ವೇರುಗಳನ್ನೆಲ್ಲ ಇಲ್ಲಿ ಒಟ್ಟಾಗಿ 'ಹೋಸ್ಟ್' ಎಂದು ಕರೆಯುತ್ತೇನೆ.)

ಹಂತ 1: ಹಳೆಯ ಪ್ರಾಜೆಕ್ಟ್ ಮೇಲೆ ಸೇವ್ ಒತ್ತಬೇಡಿ

ಪ್ಲಗಿನ್ ಕಾಣೆಯಾಗಿರುವ ಪ್ರಾಜೆಕ್ಟನ್ನು ಹಾಗೆಯೇ ಸೇವ್ ಮಾಡಬೇಡಿ. ಕಾಣೆಯಾದ ಪ್ಲಗಿನ್‌ನ ಸೆಟ್ಟಿಂಗ್‌ಗಳನ್ನು ಕಾಪಾಡಿಕೊಳ್ಳುವ ಹೋಸ್ಟ್‌ಗಳಿವೆ, ನಿಜ. ಆದರೆ ತಿಂಗಳುಗಟ್ಟಲೆ ಕೂತು ತಿದ್ದಿದ ಹಾಡನ್ನು ಆ ನಂಬಿಕೆಯ ಮೇಲೆ ಬಿಡಬಾರದು. ಪ್ರಾಜೆಕ್ಟ್ ಮುಚ್ಚಿ, ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ, ಇನ್ನು ಮುಂದಿನ ಪರೀಕ್ಷೆಯನ್ನೆಲ್ಲ ಆ ಕಾಪಿಯ ಮೇಲೆ ಮಾಡಿ. ಪ್ಲಗಿನ್ ಪರೀಕ್ಷೆಗೆ ಒಂದೇ ಟ್ರ್ಯಾಕ್ ಇರುವ ಖಾಲಿ ಪ್ರಾಜೆಕ್ಟ್ ಇನ್ನೂ ಒಳ್ಳೆಯದು.

ಹಂತ 2: ಲಕ್ಷಣ ನೋಡಿ

"ಪ್ಲಗಿನ್ ಓಡುತ್ತಿಲ್ಲ" ಅನ್ನುವ ಒಂದೇ ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ತೊಂದರೆಗಳಿರುತ್ತವೆ. ನಿಮ್ಮದು ಯಾವುದು ಅಂತ ಮೊದಲು ಗುರುತಿಸಿ.

ಪಟ್ಟಿಯಲ್ಲಿ ಪ್ಲಗಿನ್ ಹೆಸರೇ ಇಲ್ಲದಿದ್ದರೆ ಫೋಲ್ಡರ್, ಫಾರ್ಮ್ಯಾಟ್ ಅಥವಾ ಸ್ಕ್ಯಾನ್ (ಹೋಸ್ಟ್ ತಾನೇ ಪ್ಲಗಿನ್‌ಗಳನ್ನು ಹುಡುಕಿ ಪರೀಕ್ಷಿಸುವುದು) ಕಡೆ ನೋಡಿ: ಹಂತ 3, 4 ಮತ್ತು 7. ಹೆಸರಿದೆ, ತೆರೆದ ಕೂಡಲೇ ಓಎಸ್ ಎಚ್ಚರಿಕೆ ಕೊಡುತ್ತದೆ ಅಂದರೆ ಅನುಮತಿಯ ತೊಂದರೆ: ಹಂತ 5. ತೆರೆಯುತ್ತದೆ, ಆದರೆ ಡೆಮೊ ಅನ್ನುತ್ತದೆ ಅಥವಾ ಆಕ್ಟಿವೇಟ್ ಮಾಡಿ ಅನ್ನುತ್ತದೆ: ಹಂತ 6. ತೆರೆಯುತ್ತದೆ, ಕೀಲಿಗಳೂ ಆಡುತ್ತವೆ, ಆದರೆ ಸದ್ದಿಲ್ಲ: ಅದೂ ಹಂತ 5, ಓದಿದಾಗ ಯಾಕೆ ಅಂತ ಗೊತ್ತಾಗುತ್ತದೆ. ಹೋಸ್ಟೇ ಮುಚ್ಚಿಹೋಗುತ್ತಿದ್ದರೆ ಹಂತ 8.

ಹಂತ 3: ಫೈಲ್ ಇದೆಯಾ ಅಂತ ಕಣ್ಣಾರೆ ನೋಡಿ

ಮ್ಯಾಕ್‌ನಲ್ಲಿ ಪ್ಲಗಿನ್‌ಗಳು ಲೈಬ್ರರಿ ಫೋಲ್ಡರಿನೊಳಗೆ ಆಡಿಯೊ, ಅದರೊಳಗೆ ಪ್ಲಗ್-ಇನ್ಸ್ ಎಂಬಲ್ಲಿ ಇರುತ್ತವೆ. ಎಯು ಮತ್ತು ವಿಎಸ್‌ಟಿ ಎಂಬುವು ಪ್ಲಗಿನ್‌ನ ಫಾರ್ಮ್ಯಾಟ್‌ಗಳು: ಎಯು ಆಪಲ್‌ನದು, ವಿಎಸ್‌ಟಿ ಸ್ಟೈನ್‌ಬರ್ಗ್ ಕಂಪನಿಯದು. ಎಯು ಪ್ಲಗಿನ್‌ಗಳು ಕಾಂಪೊನೆಂಟ್ಸ್ ಫೋಲ್ಡರಿನಲ್ಲಿ, ಉಳಿದವು ವಿಎಸ್‌ಟಿ ಮತ್ತು ವಿಎಸ್‌ಟಿ3 ಫೋಲ್ಡರುಗಳಲ್ಲಿ. ಒಂದು ವಿಷಯ ನೆನಪಿಡಿ: ಮ್ಯಾಕ್‌ನಲ್ಲಿ ಲೈಬ್ರರಿ ಎರಡಿವೆ. ಒಂದು ಇಡೀ ಕಂಪ್ಯೂಟರಿಗೆ, ಇನ್ನೊಂದು ನಿಮ್ಮ ಯೂಸರ್ ಖಾತೆಗೆ. ಎರಡನೆಯದು ಸಾಮಾನ್ಯವಾಗಿ ಕಾಣುವುದಿಲ್ಲ. ಫೈಂಡರ್‌ನ ಗೋ ಮೆನು ತೆರೆದು ಆಪ್ಷನ್ ಕೀಲಿ ಒತ್ತಿ ಹಿಡಿದರೆ ಅದರ ಹೆಸರು ಮೂಡುತ್ತದೆ. ಕೆಲವೊಮ್ಮೆ ಹಳೆಯ ಆವೃತ್ತಿ ಒಂದರಲ್ಲಿ, ಹೊಸದು ಇನ್ನೊಂದರಲ್ಲಿ ಕೂತು ಗೊಂದಲ ಮಾಡುತ್ತಿರುತ್ತವೆ. ಹಾಗಿದ್ದರೆ ಹಳೆಯದನ್ನು ಡೆಸ್ಕ್‌ಟಾಪಿನಲ್ಲಿ ಒಂದು ಫೋಲ್ಡರಿಗೆ ಎತ್ತಿಡಿ. ಈಗಲೇ ಅಳಿಸಬೇಡಿ.

ವಿಂಡೋಸ್‌ನಲ್ಲಿ ವಿಎಸ್‌ಟಿ3ಗೆ ಒಂದು ಗೊತ್ತಾದ ಜಾಗವಿದೆ: ಸಿ ಡ್ರೈವ್, ಪ್ರೋಗ್ರಾಮ್ ಫೈಲ್ಸ್, ಕಾಮನ್ ಫೈಲ್ಸ್, ಅದರೊಳಗೆ ವಿಎಸ್‌ಟಿ3. ಹಳೆಯ ವಿಎಸ್‌ಟಿ2ಗೆ ಅಂಥ ಕಟ್ಟುಪಾಡು ಇರಲಿಲ್ಲ. ಒಬ್ಬರು ವಿಎಸ್‌ಟಿಪ್ಲಗಿನ್ಸ್ ಎಂಬ ಫೋಲ್ಡರಿಗೆ ಹಾಕಿರುತ್ತಾರೆ, ಇನ್ನೊಬ್ಬರು ಸ್ಟೈನ್‌ಬರ್ಗ್ ಫೋಲ್ಡರಿನೊಳಗೆ. ಹೋಸ್ಟ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ಲಗಿನ್ ಫೋಲ್ಡರ್ ಯಾವುದೆಂದು ಬರೆದಿರುತ್ತದೆ, ಅದು ಇನ್ನೂ ಸರಿಯಾದ ಜಾಗವನ್ನೇ ತೋರಿಸುತ್ತಿದೆಯಾ ನೋಡಿ.

ಫೈಲ್ ಇಲ್ಲದಿದ್ದರೆ ತಯಾರಕರ ಇನ್‌ಸ್ಟಾಲರ್ ಓಡಿಸಿಯೇ ಹಾಕಿ. ಹಳೆಯ ಡಿಸ್ಕ್‌ನಿಂದ ಪ್ಲಗಿನ್ ಫೈಲನ್ನು ಸುಮ್ನೆ ಎಳೆದು ತಂದು ಹಾಕಿದರೆ ಅದರ ಜೊತೆ ಬರಬೇಕಾದ ಇತರ ತುಣುಕುಗಳು ಬರುವುದಿಲ್ಲ. ಮುಖ್ಯವಾಗಿ ವಿಂಡೋಸ್‌ನಲ್ಲಿ, ಫೈಲ್ ಇದ್ದೂ ಪ್ಲಗಿನ್ ತೆರೆಯದಿದ್ದರೆ ಅನೇಕ ಪ್ರೋಗ್ರಾಮ್‌ಗಳು ಆಶ್ರಯಿಸುವ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಫೈಲ್‌ಗಳ ಗುಂಪು ಇಲ್ಲದಿರುವುದೂ ಕಾರಣ ಇರಬಹುದು. ಅದನ್ನು ಮೈಕ್ರೋಸಾಫ್ಟ್‌ನಿಂದಲೇ ಇಳಿಸಿಕೊಳ್ಳಿ.

ಹಂತ 4: ಪ್ಲಗಿನ್ ಯಾವ ಕಾಲದ್ದು?

ಇದು ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುವ ಭಾಗ. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು 32 ಬಿಟ್ ಮತ್ತು 64 ಬಿಟ್. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾ 32 ಬಿಟ್ ಸಾಫ್ಟ್‌ವೇರನ್ನು ಪೂರ್ತಿ ಕೈಬಿಟ್ಟಿತು. ಅದರ ಹಿಂದಿನ ಮೊಹಾವೆಯೇ ಕೊನೆ. ಮೊಹಾವೆಯಿಂದ ಮುಂದಕ್ಕೆ ಬಂದವರಿಗೆ 32 ಬಿಟ್ ಪ್ಲಗಿನ್ ಮತ್ತೆ ಸಿಗುವುದಿಲ್ಲ. ಸೆಟ್ಟಿಂಗ್ ಬದಲಿಸಿ ಅದನ್ನು ಎಬ್ಬಿಸಲು ಆಗುವುದಿಲ್ಲ. ವಿಂಡೋಸ್ ಅಷ್ಟು ಕಟ್ಟುನಿಟ್ಟಲ್ಲ, ವಿಂಡೋಸ್ 11ರಲ್ಲೂ 32 ಬಿಟ್ ಪ್ರೋಗ್ರಾಮ್‌ಗಳು ಓಡುತ್ತವೆ. ಆದರೆ 64 ಬಿಟ್ ಹೋಸ್ಟ್ 32 ಬಿಟ್ ಪ್ಲಗಿನ್ನನ್ನು ನೇರವಾಗಿ ತೆರೆಯಲಾರದು, ನಡುವೆ ಒಂದು ಸೇತುವೆ ಬೇಕು. ರೀಪರ್ ಮತ್ತು ಎಫ್‌ಎಲ್ ಸ್ಟುಡಿಯೊದಲ್ಲಿ ಆ ಸೇತುವೆ ಒಳಗೇ ಇದೆ. ಕ್ಯೂಬೇಸ್‌ನಂಥ ಹೋಸ್ಟ್‌ಗಳಿಗೆ ಜೆಬ್ರಿಡ್ಜ್ ಎಂಬ ಬೇರೆ ಸಾಫ್ಟ್‌ವೇರ್ ಬಳಸುವವರಿದ್ದಾರೆ. ಅದನ್ನು ಹಳೆಯ ಹಾಡೊಂದನ್ನು ತೆರೆದು ಸದ್ದನ್ನು ಆಡಿಯೊ ಆಗಿ ಹೊರತೆಗೆಯಲು ಬಳಸಿ. ಹೊಸ ಹಾಡನ್ನು ಸೇತುವೆಯ ಮೇಲೆ ಕಟ್ಟಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಎರಡನೆಯದು ಚಿಪ್. 2020ರ ನವೆಂಬರಿನಿಂದ ಆಪಲ್ ತನ್ನದೇ ಚಿಪ್‌ನ ಮ್ಯಾಕ್‌ಗಳನ್ನು ಮಾರುತ್ತಿದೆ. ಇಂಟೆಲ್‌ಗಾಗಿ ಬರೆದ ಸಾಫ್ಟ್‌ವೇರನ್ನು ಅವುಗಳಲ್ಲಿ ಓಡಿಸುವುದು ರೊಸೆಟ್ಟಾ 2. ಇಲ್ಲಿ ಒಂದು ಸೂಕ್ಷ್ಮವಿದೆ. ಹೋಸ್ಟ್ ಹೊಸ ಚಿಪ್‌ನಲ್ಲಿ ನೇರವಾಗಿ ಓಡುತ್ತಿದ್ದರೆ, ಇಂಟೆಲ್‌ಗೆ ಮಾತ್ರ ಬರೆದ ವಿಎಸ್‌ಟಿ ಪ್ಲಗಿನ್ ಸಾಮಾನ್ಯವಾಗಿ ಅದರ ಪಟ್ಟಿಯಲ್ಲೇ ಬರುವುದಿಲ್ಲ. ಆದರೆ ಲಾಜಿಕ್ ಇಂಟೆಲ್ ಎಯು ಪ್ಲಗಿನ್‌ಗಳನ್ನು ಪಕ್ಕದಲ್ಲಿ ಬೇರೆಯಾಗಿ ಓಡಿಸಿಕೊಳ್ಳುತ್ತದೆ, ರೊಸೆಟ್ಟಾ ಇನ್‌ಸ್ಟಾಲ್ ಆಗಿದ್ದರೆ. ಬೇರೆ ಹೋಸ್ಟ್ ಆದರೆ ಹೀಗೆ ಮಾಡಿ: ಹೋಸ್ಟನ್ನು ಮುಚ್ಚಿ, ಅಪ್ಲಿಕೇಶನ್ಸ್ ಫೋಲ್ಡರಿನಲ್ಲಿ ಅದರ ಚಿಹ್ನೆ ಆರಿಸಿ, ಗೆಟ್ ಇನ್ಫೊ ತೆರೆಯಿರಿ. 'ಓಪನ್ ಯೂಸಿಂಗ್ ರೊಸೆಟ್ಟಾ' ಎಂಬ ಚೌಕ ಕಂಡರೆ ಟಿಕ್ ಮಾಡಿ, ಹೋಸ್ಟ್ ತೆರೆದು ಮತ್ತೆ ಸ್ಕ್ಯಾನ್ ಮಾಡಿ. ಪ್ಲಗಿನ್ ಈಗ ಬಂದರೆ ಕಾರಣ ಖಚಿತ.

ಆದರೆ ರೊಸೆಟ್ಟಾ ಶಾಶ್ವತವಲ್ಲ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ 26 ತಾಹೋ ಕೊನೆಯದು ಎಂದೂ, ರೊಸೆಟ್ಟಾ ಮ್ಯಾಕ್‌ಓಎಸ್ 27ರವರೆಗೆ ಇರುತ್ತದೆ ಎಂದೂ, ಆಮೇಲೆ ಕೆಲವು ಹಳೆಯ ಗೇಮ್‌ಗಳಿಗಷ್ಟೇ ಅದನ್ನು ಉಳಿಸುವುದಾಗಿಯೂ ಆಪಲ್ 2025ರಲ್ಲಿ ಹೇಳಿದೆ. ಇಂಟೆಲ್ ಪ್ಲಗಿನ್ ಮೇಲೆ ನಿಂತ ಹಾಡುಗಳಿದ್ದರೆ ಅವನ್ನು ಆಡಿಯೊ ಆಗಿ ಹೊರತೆಗೆಯಲು ಈಗಲೇ ಸಮಯ ಮಾಡಿಕೊಳ್ಳಿ.

ಮೂರನೆಯದು ಫಾರ್ಮ್ಯಾಟ್. ವಿಎಸ್‌ಟಿ3 ಬಂದದ್ದು 2008ರಲ್ಲಿ. ವಿಎಸ್‌ಟಿ2ಗೆ ಪ್ಲಗಿನ್ ಬರೆಯಲು ಬೇಕಾದ ಕಿಟ್ ಕೊಡುವುದನ್ನು ಸ್ಟೈನ್‌ಬರ್ಗ್ 2018ರಲ್ಲಿ ನಿಲ್ಲಿಸಿತು. ಹಾಗಾಗಿ ಹೊಸ ಆವೃತ್ತಿಯ ಇನ್‌ಸ್ಟಾಲರ್ ವಿಎಸ್‌ಟಿ3 ಮಾತ್ರ ಕೊಡಬಹುದು. ನಿಮ್ಮ ಹಳೆಯ ಪ್ರಾಜೆಕ್ಟ್ ಹುಡುಕುತ್ತಿರುವುದು ವಿಎಸ್‌ಟಿ2 ಅನ್ನು. ಹೆಸರು ಒಂದೇ, ತಯಾರಕರು ಒಬ್ಬರೇ, ಆದರೂ ಹೆಚ್ಚಿನ ಹೋಸ್ಟ್‌ಗಳ ಲೆಕ್ಕದಲ್ಲಿ ಎರಡೂ ಬೇರೆ. ಹಳೆಯ ಇನ್‌ಸ್ಟಾಲರ್ ಸಿಕ್ಕರೆ ವಿಎಸ್‌ಟಿ2 ಕೂಡ ಹಾಕಿ, ಪ್ರಾಜೆಕ್ಟ್ ತೆರೆದು, ಪ್ಲಗಿನ್‌ನ ಒಳಗಿನ ಮೆನುವಿನಿಂದಲೇ ಪ್ರೀಸೆಟ್ (ಪ್ಲಗಿನ್‌ನ ಸೆಟ್ಟಿಂಗ್‌ಗಳ ಗುಂಪು) ಸೇವ್ ಮಾಡಿ. ಆಮೇಲೆ ಅದೇ ಟ್ರ್ಯಾಕಿಗೆ ವಿಎಸ್‌ಟಿ3 ಹಾಕಿ ಆ ಪ್ರೀಸೆಟ್ ಎಳೆದುಕೊಳ್ಳಿ. ಆಟೊಮೇಶನ್ (ಹಾಡು ಸಾಗುತ್ತಿದ್ದಂತೆ ತಾನಾಗಿ ಬದಲಾಗುವ ಸೆಟ್ಟಿಂಗ್) ಮಾತ್ರ ಕೈಯಲ್ಲೇ ಹೊಸ ನಾಬ್‌ಗಳಿಗೆ ಜೋಡಿಸಬೇಕಾಗಬಹುದು.

ಹಂತ 5: ಓಎಸ್ ತಡೆಯುತ್ತಿದೆಯೇ?

ಮ್ಯಾಕ್‌ನಲ್ಲಿ "ಇದನ್ನು ಪರಿಶೀಲಿಸಲು ಆಗಲಿಲ್ಲ" ಎಂಬ ಎಚ್ಚರಿಕೆ ಬಂದರೆ, ಪ್ಲಗಿನ್ ನಿಜವಾಗಿ ತಯಾರಕರಿಂದಲೇ ಬಂದದ್ದು ಅಂತ ಖಾತ್ರಿ ಮಾಡಿಕೊಳ್ಳಿ. ಖಾತ್ರಿ ಇದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆಂಡ್ ಸೆಕ್ಯುರಿಟಿ ತೆರೆದು ಕೆಳಕ್ಕೆ ಇಳಿಯಿರಿ. ಅಲ್ಲಿ 'ಓಪನ್ ಎನಿವೇ' ಎಂಬ ಬಟನ್ ಇರುತ್ತದೆ. ಎಚ್ಚರಿಕೆ ಬಂದ ಮೇಲೆ ಸುಮಾರು ಒಂದು ಗಂಟೆ ಮಾತ್ರ ಅದು ಕಾಣುತ್ತದೆ. ಕಾಣದಿದ್ದರೆ ಪ್ಲಗಿನ್ನನ್ನು ಇನ್ನೊಮ್ಮೆ ತೆರೆಯಲು ಹೋಗಿ, ಎಚ್ಚರಿಕೆ ಬರಲಿ, ತಕ್ಷಣ ಇಲ್ಲಿಗೆ ಬನ್ನಿ. ಹಿಂದೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ದಾಟಿಸುವ ದಾರಿ ಇತ್ತು. 2024ರ ಸಿಕ್ವೋಯಾದಿಂದ ಅದು ಇಲ್ಲ. ಕ್ರ್ಯಾಕ್ ಮಾಡಿದ ಪ್ಲಗಿನ್‌ಗಳಿಗೆ ಈ ದಾರಿ ತೆರೆಯಬೇಡಿ, ಎಚ್ಚರಿಕೆ ಇರುವುದೇ ಅಂಥವುಗಳಿಗಾಗಿ.

ಈಗ ಆ 'ಸದ್ದಿಲ್ಲದ' ತೊಂದರೆ. ಇದು ನನಗೇ ಆದದ್ದು. ಅಪ್‌ಗ್ರೇಡ್ ಆದ ಮೇಲೆ ಪಿಯಾನೊ ಪ್ಲಗಿನ್ ಚೆನ್ನಾಗಿಯೇ ತೆರೆಯಿತು. ಕೀಬೋರ್ಡ್ ಒತ್ತಿದರೆ ಪರದೆಯ ಮೇಲಿನ ಕೀಲಿಗಳು ಇಳಿದು ಏಳುತ್ತಿದ್ದವು. ಮೀಟರ್ ಮಾತ್ರ ಕದಲಲಿಲ್ಲ. ಎರಡು ಸಂಜೆ ಅನ್‌ಇನ್‌ಸ್ಟಾಲ್, ಇನ್‌ಸ್ಟಾಲ್ ಅಂತ ಹೋಯಿತು. ಕೊನೆಗೆ ನೋಡಿದರೆ ಸ್ಯಾಂಪಲ್‌ಗಳಿದ್ದುದು ಹೊರಗಿನ ಡ್ರೈವ್‌ನಲ್ಲಿ, ಮತ್ತು ಆ ಡ್ರೈವ್ ಓದಲು ಹೋಸ್ಟ್‌ಗೆ ಅನುಮತಿ ಇರಲಿಲ್ಲ. ಒಂದು ಸ್ವಿಚ್ ಒತ್ತಿದೆ, ಪಿಯಾನೊ ನುಡಿಯಿತು.

ಆ ಸ್ವಿಚ್ ಇರುವುದು ಅದೇ ಪ್ರೈವೆಸಿ ಪುಟದ ಫೈಲ್ಸ್ ಆಂಡ್ ಫೋಲ್ಡರ್ಸ್ ಅಡಿಯಲ್ಲಿ. ಅಲ್ಲಿಯೇ ಮೈಕ್ರೋಫೋನ್ ಎಂಬ ಸಾಲನ್ನೂ ನೋಡಿ. ಹೋಸ್ಟ್‌ಗೆ ಆ ಅನುಮತಿ ಇಲ್ಲದಿದ್ದರೆ ರೆಕಾರ್ಡಿಂಗ್ ಪೂರ್ತಿ ನಿಶ್ಶಬ್ದ. ಗಿಟಾರ್ ಆಂಪ್ ಪ್ಲಗಿನ್ ಕೆಟ್ಟಿದೆ ಅಂದುಕೊಳ್ಳುತ್ತೇವೆ, ನಿಜಕ್ಕೂ ಅದಕ್ಕೆ ಗಿಟಾರಿನ ಸದ್ದೇ ತಲುಪುತ್ತಿರುವುದಿಲ್ಲ. ವಿಂಡೋಸ್‌ನ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲೂ ಮೈಕ್ರೋಫೋನ್ ಸ್ವಿಚ್ ಇದೆ.

ವಿಂಡೋಸ್‌ನಲ್ಲಿ ಪ್ರೀಸೆಟ್‌ಗಳು ಮಾಯವಾದರೆ ಒನ್‌ಡ್ರೈವ್ ಮೇಲೆ ಒಂದು ಕಣ್ಣಿಡಿ. ಅದರ ಬ್ಯಾಕಪ್ ಆನ್ ಆದಾಗ ಡಾಕ್ಯುಮೆಂಟ್ಸ್ ಫೋಲ್ಡರಿನ ವಿಳಾಸವೇ ಬದಲಾಗುತ್ತದೆ. ಅನೇಕ ಪ್ಲಗಿನ್‌ಗಳು ಪ್ರೀಸೆಟ್ ಇಡುವುದು ಅಲ್ಲೇ.

ಹಂತ 6: ಲೈಸೆನ್ಸ್

ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಕೆಲವು ಲೈಸೆನ್ಸ್ ವ್ಯವಸ್ಥೆಗಳಿಗೆ ನಿಮ್ಮ ಕಂಪ್ಯೂಟರ್ ಹೊಸ ಕಂಪ್ಯೂಟರಿನಂತೆ ಕಾಣುತ್ತದೆ. ಪ್ಲಗಿನ್ ಮುಟ್ಟುವ ಮೊದಲು ಲೈಸೆನ್ಸ್ ನೋಡಿಕೊಳ್ಳುವ ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡಿ. ಐಲಾಕ್ ಎಂಬ ಲೈಸೆನ್ಸ್ ವ್ಯವಸ್ಥೆ ಬಳಸುವ ಪ್ಲಗಿನ್‌ಗಳಿದ್ದರೆ ಐಲಾಕ್ ಲೈಸೆನ್ಸ್ ಮ್ಯಾನೇಜರ್‌ನ ಹೊಸ ಆವೃತ್ತಿ ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಲಾಗಿನ್ ಆಗಿ ಲೈಸೆನ್ಸ್ ಎಲ್ಲಿ ಕೂತಿದೆ ನೋಡಿ. ಎಷ್ಟೋ ಬಾರಿ ಇಷ್ಟರಲ್ಲೇ ಹತ್ತಾರು ಪ್ಲಗಿನ್‌ಗಳು ಒಟ್ಟಿಗೆ ಎದ್ದು ಕೂರುತ್ತವೆ. ಆಕ್ಟಿವೇಶನ್ ಮಿತಿ ಮುಗಿದಿದೆ ಅಂತ ಬಂದರೆ ತಯಾರಕರ ಜಾಲತಾಣದ ನಿಮ್ಮ ಖಾತೆಯಲ್ಲಿ ಹಳೆಯ ಕಂಪ್ಯೂಟರಿನ ಹೆಸರು ತೆಗೆಯಲು ಆಗುತ್ತದೆಯೇ ನೋಡಿ. ಆಗದಿದ್ದರೆ ಸಪೋರ್ಟ್‌ಗೆ ಬರೆಯಿರಿ, ಇದು ಅವರಿಗೆ ದಿನನಿತ್ಯದ ಕೆಲಸ.

ಹಂತ 7: ಸ್ಕ್ಯಾನ್ ಮತ್ತು ತಡೆಪಟ್ಟಿ

ಇದನ್ನು ತುಂಬಾ ಜನ ಮರೆಯುತ್ತಾರೆ. ಸ್ಕ್ಯಾನ್ ಮಾಡುವಾಗ ಒಂದು ಪ್ಲಗಿನ್ ಎಡವಿದರೆ ಹೋಸ್ಟ್ ಅದನ್ನು ತಡೆಪಟ್ಟಿಗೆ ಸೇರಿಸುತ್ತದೆ. ಆಮೇಲೆ ನೀವು ಹೊಸ ಆವೃತ್ತಿ ಹಾಕಿದರೂ ಹೋಸ್ಟ್ ಹಳೆಯ ಫಲಿತಾಂಶವನ್ನೇ ಹಿಡಿದು ಕೂತಿರಬಹುದು.

ಲಾಜಿಕ್‌ನಲ್ಲಿ ಸೆಟ್ಟಿಂಗ್ಸ್ ಒಳಗಿನ ಪ್ಲಗಿನ್ ಮ್ಯಾನೇಜರ್ ತೆರೆದು, ಪ್ಲಗಿನ್ ಆರಿಸಿ, ರೀಸೆಟ್ ಆಂಡ್ ರೀಸ್ಕ್ಯಾನ್ ಒತ್ತಿ. ಕ್ಯೂಬೇಸ್‌ನಲ್ಲಿ ಸ್ಟುಡಿಯೊ ಮೆನುವಿನ ವಿಎಸ್‌ಟಿ ಪ್ಲಗಿನ್ ಮ್ಯಾನೇಜರ್‌ನಲ್ಲಿ ಬ್ಲಾಕ್‌ಲಿಸ್ಟ್ ಇದೆ. ಏಬಲ್‌ಟನ್ ಲೈವ್‌ನಲ್ಲಿ ರೀಸ್ಕ್ಯಾನ್ ಬಟನ್ ಒತ್ತುವಾಗ ಆಲ್ಟ್ ಅಥವಾ ಆಪ್ಷನ್ ಕೀಲಿ ಹಿಡಿದುಕೊಂಡರೆ ಮೊದಲಿನಿಂದ ಪೂರ್ತಿ ಸ್ಕ್ಯಾನ್ ಆಗುತ್ತದೆ. ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ ವಿಎಸ್‌ಟಿ ಪುಟದಲ್ಲಿ ಕ್ಯಾಶೆ ಅಳಿಸಿ ಮರುಸ್ಕ್ಯಾನ್ ಮಾಡುವ ಆಯ್ಕೆ ಇದೆ. ಎಫ್‌ಎಲ್ ಸ್ಟುಡಿಯೊದಲ್ಲಾದರೆ ಮ್ಯಾನೇಜ್ ಪ್ಲಗಿನ್ಸ್‌ಗೆ ಹೋಗಿ, ದೋಷ ಕಂಡ ಪ್ಲಗಿನ್‌ಗಳನ್ನು ಮತ್ತೆ ಸ್ಕ್ಯಾನ್ ಮಾಡುವ ಆಯ್ಕೆಗೆ ಟಿಕ್ ಹಾಕಿ. ಮ್ಯಾಕ್‌ನಲ್ಲಿ ಹೊಸದಾಗಿ ಹಾಕಿದ ಎಯು ಪ್ಲಗಿನ್ ಕಾಣದಿದ್ದರೆ ಒಮ್ಮೆ ರೀಸ್ಟಾರ್ಟ್ ಮಾಡಿಯೇ ಮುಂದಿನದು ಯೋಚಿಸಿ.

ಹಂತ 8: ಹೋಸ್ಟೇ ಮುಚ್ಚಿಹೋಗುತ್ತಿದ್ದರೆ

ಊಹೆ ಮಾಡುತ್ತಾ ಕೂರಬೇಡಿ, ಕಂಪ್ಯೂಟರ್ ಕಾರಣ ಬರೆದಿಟ್ಟಿರುತ್ತದೆ. ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್‌ಗೆ ಹೋಗಿ. ಹೋಸ್ಟ್ ಮುಚ್ಚಿದ ಸಮಯದ ಕೆಂಪು ಗುರುತಿನ ಸಾಲು ಆರಿಸಿದರೆ ಕೆಳಗೆ 'ಫಾಲ್ಟಿಂಗ್ ಮಾಡ್ಯೂಲ್ ನೇಮ್' ಎಂದಿರುತ್ತದೆ. ಅದರ ಮುಂದೆ ಪ್ಲಗಿನ್ ಫೈಲಿನ ಹೆಸರಿದ್ದರೆ ಅಪರಾಧಿ ಸಿಕ್ಕಂತೆ. ಮ್ಯಾಕ್‌ನಲ್ಲಿ ಕನ್ಸೋಲ್ ಎಂಬ ಆಪ್‌ನ ಕ್ರ್ಯಾಶ್ ರಿಪೋರ್ಟ್ಸ್ ನೋಡಿ. ಉದ್ದದ ಬರಹ ಕಂಡು ಹೆದರಬೇಡಿ. 'ಕ್ರ್ಯಾಶ್ಡ್' ಎಂದು ಬರೆದ ಥ್ರೆಡ್‌ನ ಮೊದಲ ಕೆಲವು ಸಾಲುಗಳಲ್ಲಿ ಪರಿಚಿತ ಹೆಸರು ಸಿಗುತ್ತದಾ ಅಂತ ನೋಡಿದರೆ ಸಾಕು.

ಹೆಸರು ಸಿಗದಿದ್ದರೆ ಅರ್ಧರ್ಧ ಮಾಡುವ ದಾರಿ. ಪ್ಲಗಿನ್ ಫೋಲ್ಡರಿನಲ್ಲಿ ಇರುವುದರಲ್ಲಿ ಅರ್ಧವನ್ನು ಹೊರಗಿಡಿ. ಹೋಸ್ಟ್ ತೆರೆದರೆ ತೊಂದರೆ ಹೊರಗಿಟ್ಟ ಅರ್ಧದಲ್ಲಿದೆ, ತೆರೆಯದಿದ್ದರೆ ಒಳಗಿರುವ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. 64 ಪ್ಲಗಿನ್‌ಗಳಿದ್ದರೂ ಕೆಟ್ಟದ್ದು ಒಂದೇ ಆಗಿದ್ದರೆ ಆರು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ.

ಪ್ರತಿ ಬಾರಿಯೂ ತಪ್ಪು ಪ್ಲಗಿನ್‌ನದ್ದೇ ಆಗಿರಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಮ್ಯಾಕ್‌ಓಎಸ್ 14.4 ಬಂದಾಗ ಸಂಗೀತದ ಆಪ್‌ಗಳಲ್ಲಿ ಎಯು ಪ್ಲಗಿನ್‌ಗಳು ತೆರೆಯದೆ ಹೋದವು. ಅದೇ ತಿಂಗಳ 25ರಂದು ಬಂದ 14.4.1ರಲ್ಲಿ ಆಪಲ್ ಅದನ್ನು ಸರಿಪಡಿಸಿತು. ಆ ನಡುವಿನ ದಿನಗಳಲ್ಲಿ ಮರುಇನ್‌ಸ್ಟಾಲ್ ಮಾಡಿದವರ ಶ್ರಮವೆಲ್ಲ ವ್ಯರ್ಥ. ಆದ್ದರಿಂದ ಹಲವು ತಯಾರಕರ ಪ್ಲಗಿನ್‌ಗಳು ಒಂದೇ ದಿನ ಕೈಕೊಟ್ಟರೆ ಮೊದಲು ಓಎಸ್‌ಗೆ ಚಿಕ್ಕ ಅಪ್‌ಡೇಟ್ ಬಂದಿದೆಯಾ ನೋಡಿ.

ಕಿಟಕಿ ಖಾಲಿ, ಸದ್ದು ಒಡೆದು ಬರುವುದು

ಪ್ಲಗಿನ್‌ನ ಕಿಟಕಿ ಕಪ್ಪಾಗಿ ಅಥವಾ ಖಾಲಿಯಾಗಿ ಬಂದರೆ ಅದು ಚಿತ್ರ ಬಿಡಿಸುವ ಭಾಗದ ತೊಂದರೆ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ, ಪ್ಲಗಿನ್ ಸೆಟ್ಟಿಂಗ್ಸ್‌ನಲ್ಲಿ ಓಪನ್‌ಜಿಎಲ್ ಆಯ್ಕೆ ಇದ್ದರೆ ಆಫ್ ಮಾಡಿ ನೋಡಿ. ವಿಂಡೋಸ್‌ನಲ್ಲಿ ಕಿಟಕಿ ತೀರಾ ಚಿಕ್ಕದಾದರೆ ಹೋಸ್ಟ್‌ನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಪುಟದ ಹೈ ಡಿಪಿಐ ಸೆಟ್ಟಿಂಗ್ ಬದಲಿಸಿ.

ಸದ್ದು ಒಡೆಯುತ್ತಿದ್ದರೆ ಆಡಿಯೊ ಇಂಟರ್‌ಫೇಸ್‌ನ (ಮೈಕ್, ಗಿಟಾರ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಡ್ರೈವರ್ ಕಡೆ ತಿರುಗಿ. ವಿಂಡೋಸ್ 11ರಲ್ಲಿ ಕೋರ್ ಐಸೊಲೇಶನ್ ಅಡಿಯ ಮೆಮೊರಿ ಇಂಟೆಗ್ರಿಟಿ ಹಳೆಯ ಡ್ರೈವರ್‌ಗಳನ್ನು ತಡೆಯುತ್ತದೆ. ಅದನ್ನು ಆಫ್ ಮಾಡುವ ಬದಲು ಹೊಸ ಡ್ರೈವರ್ ಹಾಕಿ.

ಏನೂ ಆಗದಿದ್ದರೆ

ಹಿಂದಕ್ಕೆ ಹೋಗುವುದರಲ್ಲಿ ನಾಚಿಕೆ ಏನಿಲ್ಲ. ವಿಂಡೋಸ್ 11ಕ್ಕೆ ಬಂದು 10 ದಿನ ಕಳೆದಿಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ರಿಕವರಿಗೆ ಹೋಗಿ 'ಗೋ ಬ್ಯಾಕ್' ಒತ್ತಬಹುದು. ಹಾಗೆ ಹೋಗುವುದಾದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದು ಗೊತ್ತಿರಲಿ. ಹಾಡನ್ನು ಹೊರತೆಗೆದುಕೊಳ್ಳುವಷ್ಟು ಕಾಲಕ್ಕೆ ಮಾತ್ರ ಅಲ್ಲಿರಿ. ಮ್ಯಾಕ್‌ನಲ್ಲಿ ಹಿಂದಕ್ಕೆ ಹೋಗಲು ಡಿಸ್ಕ್ ಅಳಿಸಿ ಹಳೆಯ ಓಎಸ್ ಹಾಕಿ ಬ್ಯಾಕಪ್‌ನಿಂದ ತರಬೇಕು. ಕಂಪ್ಯೂಟರ್ ಹುಟ್ಟುವಾಗ ಇದ್ದ ಓಎಸ್‌ಗಿಂತ ಹಳೆಯದಕ್ಕೆ ಹೋಗಲು ಆಗುವುದಿಲ್ಲ.

ಸಪೋರ್ಟ್‌ಗೆ ಬರೆಯುವಾಗ ಓಎಸ್‌ನ ಪೂರ್ತಿ ಸಂಖ್ಯೆ, ಹೋಸ್ಟ್ ಮತ್ತು ಪ್ಲಗಿನ್‌ನ ಆವೃತ್ತಿ, ಫಾರ್ಮ್ಯಾಟ್, ಚಿಪ್, ಕ್ರ್ಯಾಶ್ ವರದಿ, ಇವಿಷ್ಟನ್ನೂ ಮೊದಲ ಪತ್ರದಲ್ಲೇ ಕಳಿಸಿ. "ಕೆಲಸ ಮಾಡ್ತಿಲ್ಲ" ಅಂತ ಒಂದು ಸಾಲು ಬರೆದರೆ ಇದನ್ನೆಲ್ಲ ಕೇಳುವುದರಲ್ಲೇ ವಾರ ಕಳೆಯುತ್ತದೆ.

ಮುಂದಿನ ಅಪ್‌ಗ್ರೇಡ್‌ಗೆ ಮೊದಲು

ಹಾಡು ನಡುವೆ ಇರುವಾಗ ಓಎಸ್ ಮುಟ್ಟಬೇಡಿ. ತಾನಾಗಿ ದೊಡ್ಡ ಅಪ್‌ಗ್ರೇಡ್ ಆಗುವ ಆಯ್ಕೆಯನ್ನು ಆಫ್ ಮಾಡಿ, ಸುರಕ್ಷತೆಯ ಅಪ್‌ಡೇಟ್‌ಗಳು ಬರುತ್ತಿರಲಿ. ಹೊಸ ಓಎಸ್‌ನ ಮೊದಲ ಒಂದೆರಡು ಚಿಕ್ಕ ಅಪ್‌ಡೇಟ್‌ಗಳು ಬರುವವರೆಗೆ ನಾನು ಕಾಯುತ್ತೇನೆ. ಆ ಹೊತ್ತಿಗೆ ತಯಾರಕರೂ ತಮ್ಮ ಹೊಂದಾಣಿಕೆ ಪಟ್ಟಿ ಹಾಕಿರುತ್ತಾರೆ.

ಮ್ಯಾಕ್ ಇದ್ದವರಿಗೆ ಒಂದು ಒಳ್ಳೆಯ ದಾರಿ ಇದೆ. ಡಿಸ್ಕ್ ಯುಟಿಲಿಟಿಯಲ್ಲಿ ಇನ್ನೊಂದು ಎಪಿಎಫ್‌ಎಸ್ (ಮ್ಯಾಕ್ ಡಿಸ್ಕಿನ ಫಾರ್ಮ್ಯಾಟ್) ವಾಲ್ಯೂಮ್ ಸೇರಿಸಿ, ಹೊಸ ಓಎಸ್ಸನ್ನು ಅದರಲ್ಲಿ ಹಾಕಿ. ಡಿಸ್ಕನ್ನು ಭಾಗ ಮಾಡಬೇಕಿಲ್ಲ, ಖಾಲಿ ಜಾಗವನ್ನು ಎರಡೂ ಹಂಚಿಕೊಳ್ಳುತ್ತವೆ. ನಿಮಗೆ ಅತಿ ಮುಖ್ಯವಾದ ಐದಾರು ಪ್ಲಗಿನ್‌ಗಳನ್ನು ಅಲ್ಲಿ ಪರೀಕ್ಷಿಸಿ. ಹಳೆಯದು ಅಲುಗದೆ ಇರುತ್ತದೆ.

ಕೊನೆಯದಾಗಿ, ಪ್ರತಿ ಹಾಡಿಗೂ ಒಂದು ಫೋಲ್ಡರ್ ಮಾಡಿ. ಪ್ರತಿ ಟ್ರ್ಯಾಕನ್ನೂ ಎರಡು ಸಲ ವೇವ್ ಫೈಲ್ ಆಗಿ ಹೊರತೆಗೆಯಿರಿ: ಪ್ಲಗಿನ್‌ಗಳ ಜೊತೆಗೆ ಒಮ್ಮೆ, ಪ್ಲಗಿನ್ ಇಲ್ಲದೆ ಇನ್ನೊಮ್ಮೆ. ಎಲ್ಲವೂ ಹಾಡಿನ ಮೊದಲ ಬಾರ್‌ನಿಂದಲೇ ಶುರುವಾಗಲಿ, ಆಗ ಯಾವ ಹೋಸ್ಟ್‌ಗೆ ಎಳೆದು ಹಾಕಿದರೂ ತಾಳ ತಪ್ಪದೆ ಕೂರುತ್ತವೆ. ಯಾವ ಸ್ವರ ಯಾವಾಗ ನುಡಿಯಬೇಕು ಎಂದು ಬರೆದಿಟ್ಟ ಮಿಡಿ ಫೈಲನ್ನೂ ಜೊತೆಗಿಡಿ. ಮುಖ್ಯ ಪ್ಲಗಿನ್‌ಗಳ ಕಿಟಕಿಯ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋಲ್ಡರಿಗೆ ಹಾಕಿ. ಹಾಡಿನ ವೇಗವನ್ನು ಫೋಲ್ಡರಿನ ಹೆಸರಿನಲ್ಲೇ ಬರೆಯಿರಿ. ಇದರ ಒಂದು ಪ್ರತಿ ಕಂಪ್ಯೂಟರಿನಿಂದ ಹೊರಗೆ, ಬೇರೆ ಡ್ರೈವ್‌ನಲ್ಲಿ ಇರಲಿ.